ಮದ್ದು ನಾಯಿಗೆ ಸಿಕ್ಕಿತು, ಗೋಡೆಗೆ ಸಿಗಲಿಲ್ಲ

ಪ್ರಶ್ನೆ: ನಾವು ರಾಯಚೂರಿನವರು. ಕೋಟೆ ಹತ್ತಿರ ಹಳೇ ಕಲ್ಲಿನ ಮನೆ. ನಮ್ಮ ಕರಿಯ ನಾಲ್ಕು ವರ್ಷದ ಲ್ಯಾಬ್ರಡಾರ್, 27 ಕಿಲೋ ಇದ್ದಾನೆ. ಯುಗಾದಿ ಆದ ಮೇಲೆ ಜ್ವರ ಬಂದು ಊಟ ಬಿಟ್ಟ. ಮೈಮೇಲೆ ಉಣ್ಣಿ ಇದ್ದವು. ‘ರಕ್ತದಲ್ಲಿ ಹುಳ’ ಎಂದು ಹೇಳಿ ಮೂರು ಇಂಜೆಕ್ಷನ್ ಹಾಕಿದರು, ಗುಳಿಗೆ ಬರೆದುಕೊಟ್ಟರು. ಆರನೇ ದಿನಕ್ಕೆ ಓಡಾಡತೊಡಗಿದ. ಗುಳಿಗೆ ಅಲ್ಲಿಗೇ ನಿಲ್ಲಿಸಿದೆವು. ಇನ್ನೂ ಎರಡು ತಿಂಗಳಾಗಿಲ್ಲ, ಮತ್ತೆ ಮಂಕಾಗಿದ್ದಾನೆ. ನಿನ್ನೆ ಸೀನಿದಾಗ ಮೂಗಿನಿಂದ ರಕ್ತ ಬಂತು. ರಿಪೋರ್ಟಿನಲ್ಲಿ ‘ಬ್ಲಡ್ ಪ್ರೊಟೊಜೋವಾ ಪಾಸಿಟಿವ್’, ಪ್ಲೇಟ್‌ಲೆಟ್ 38 ಸಾವಿರ ಎಂದಿದೆ. ಓಣಿಯ ಮೂರು ನಾಯಿಗಳಿಗೆ ನಾವು ದಿನಾ ರೊಟ್ಟಿ ಹಾಕುತ್ತೇವೆ. ಅವುಗಳಿಂದಲೇ ಬಂತು, ಓಡಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ? ಪಪ್ಪಾಯಿ ಎಲೆ ರಸ ಕೊಡಬಹುದಾ? ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದಾರೆ. ಅವರಿಗೆ ಏನಾದರೂ ಆಗುತ್ತಾ?

ಉತ್ತರ: ಮೂಗಿನಿಂದ ರಕ್ತ ಬಂದ ನಾಯಿಯನ್ನು ಮನೆಯಲ್ಲಿ ಇಟ್ಟುಕೊಂಡು ಉತ್ತರಕ್ಕೆ ಕಾಯಬೇಡಿ. ಇದನ್ನು ಓದುವ ಹೊತ್ತಿಗೆ ಕರಿಯ ಆಸ್ಪತ್ರೆಗೆ ಹೋಗಿ ಬಂದಿರಲಿ. ಬಿಸಿಲೇರುವ ಮುಂಚೆ ಕರೆದುಕೊಂಡು ಹೋಗಿ. ಕುತ್ತಿಗೆ ಬೆಲ್ಟು ಬಿಗಿಯಾಗಿ ಎಳೆಯಬೇಡಿ, ಎದೆಗೆ ಹಾಕುವ ಪಟ್ಟಿ ಇದ್ದರೆ ಅದನ್ನೇ ಹಾಕಿ. ಮತ್ತೆ ರಕ್ತ ಬಂದರೆ ಮೂಗಿಗೆ ಹತ್ತಿ ತುರುಕಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಮೂಗಿನ ಮೇಲ್ಭಾಗಕ್ಕೆ ಇಡಿ, ನಾಯಿಯನ್ನು ತಣ್ಣಗೆ, ಸದ್ದಿಲ್ಲದ ಕಡೆ ಕೂರಿಸಿ. ನಾಯಿಗೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ 2ರಿಂದ 5 ಲಕ್ಷ ಇರಬೇಕು. 38 ಸಾವಿರ ಅಂದರೆ ಸೀನಿದರೂ ರಕ್ತ ಬರುವ ಹಂತ. ಇಂಥ ನಾಯಿಗೆ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಜಾಗದಲ್ಲಿ ರಕ್ತ ಕಟ್ಟಿ ಗಂಟಾಗುತ್ತದೆ. ‘ಪ್ಲೇಟ್‌ಲೆಟ್ ಕಡಿಮೆ ಇದೆ’ ಎಂದು ನೀವೇ ಮೊದಲು ಹೇಳಿಬಿಡಿ.

ಇನ್ನು ನಿಧಾನವಾಗಿ ಮಾತಾಡೋಣ.

‘ರಕ್ತದಲ್ಲಿ ಹುಳ’ ಎಂದು ನಾವು ಡಾಕ್ಟರುಗಳೂ ಹೇಳಿಬಿಡುತ್ತೇವೆ, ಬೇಗ ಅರ್ಥವಾಗಲಿ ಅಂತ. ಆದರೆ ಹುಳ ಎಂದ ಕೂಡಲೇ ಜನ ಜಂತುಹುಳದ ಗುಳಿಗೆ ತಂದು ಹಾಕುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇವು ಕಣ್ಣಿಗೆ ಕಾಣದ ಜೀವಿಗಳು. ರಕ್ತಕಣದ ಒಳಗೆ ಸೇರಿಕೊಂಡು ಬದುಕುತ್ತವೆ, ಕೆಲವು ಕಣದ ಹೊರಗೆ ಈಜಾಡುತ್ತವೆ. ನಮ್ಮ ಕಡೆ ನಾಯಿಗಳಲ್ಲಿ ಎಣಿಸಬೇಕಾದವು ನಾಲ್ಕೈದು: ಎರ್ಲಿಕಿಯಾ, ಅದರ ಬಂಧು ಅನಾಪ್ಲಾಸ್ಮಾ, ಬಬೀಸಿಯಾ, ಹೆಪಟೋಜೂನ್, ಆಮೇಲೆ ಟ್ರಿಪನೊಸೋಮಾ. ಮೊದಲ ಎರಡು ನಿಜವಾಗಿ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಎನ್ನುವ ಏಕಕೋಶ ಪ್ರಾಣಿಗಳು ಅಲ್ಲವೇ ಅಲ್ಲ. ಒಂದಕ್ಕೆ ಹತ್ತುವ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಹಾಗಾಗಿ ‘ಬ್ಲಡ್ ಪ್ರೊಟೊಜೋವಾ ಪಾಸಿಟಿವ್’ ಎನ್ನುವ ರಿಪೋರ್ಟು ನನಗೆ ಅರ್ಧ ರಿಪೋರ್ಟು. ಬಸ್ ಬಂತು ಅಂದರೆ ಸಾಕೇ? ಮಾನ್ವಿಗೆ ಹೋಗುವುದೋ ಲಿಂಗಸುಗೂರಿಗೆ ಹೋಗುವುದೋ ಬೋರ್ಡು ನೋಡಬೇಕಲ್ವಾ. ಲ್ಯಾಬಿಗೆ ಹೋಗಿ, ಯಾವುದು ಕಂಡಿತು ಎಂದು ಹೆಸರು ಬರೆಸಿಕೊಳ್ಳಿ. ರಕ್ತ ಸವರಿದ ಗಾಜಿನ ಪಟ್ಟಿ ಇನ್ನೂ ಇಟ್ಟಿದ್ದರೆ ಅದನ್ನೂ ಕೇಳಿ ಪಡೆಯಿರಿ.

ನೀವು ಬರೆದ ಲಕ್ಷಣ ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಎರ್ಲಿಕಿಯಾ ಕಡೆಗೆ. ಇದು ಬಿಳಿ ರಕ್ತಕಣದೊಳಗೆ ಗೂಡು ಕಟ್ಟುತ್ತದೆ. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರದೊಳಗೆ ಜ್ವರ ಬರುತ್ತದೆ, ನಾಯಿ ಊಟ ಬಿಡುತ್ತದೆ, ಕುತ್ತಿಗೆ ಮತ್ತು ಮೊಣಕಾಲ ಹಿಂದಿನ ಗಂಟುಗಳು ಊದುತ್ತವೆ. ಎರಡು ವಾರವೋ ನಾಲ್ಕು ವಾರವೋ ಹೀಗೆ ಇದ್ದು, ಮದ್ದು ಕೊಡದಿದ್ದರೂ ನಾಯಿ ಒಮ್ಮೊಮ್ಮೆ ಎದ್ದು ನಿಲ್ಲುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ನಾಯಿ ಉಣ್ಣುತ್ತದೆ, ಬೊಗಳುತ್ತದೆ, ಗೇಟಿನ ತನಕ ಓಡುತ್ತದೆ. ರೋಗ ಮಾತ್ರ ಒಳಗೆ ಹಾಗೇ ಕೂತಿರುತ್ತದೆ. ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ. ಕೆಲವಕ್ಕೆ ತಾನಾಗಿ ವಾಸಿಯಾಗುತ್ತದೆ. ಉಳಿದವಕ್ಕೆ ಅದು ಎಲುಬಿನ ಮಜ್ಜೆಗೆ ಇಳಿಯುತ್ತದೆ. ಮಜ್ಜೆ ಅಂದರೆ ರಕ್ತ ತಯಾರಾಗುವ ಕಾರ್ಖಾನೆ. ಅದೇ ನಿಂತರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುತ್ತವೆ. ಆ ಹಂತಕ್ಕೆ ಹೋದ ನಾಯಿಯನ್ನು ವಾಪಸ್ಸು ತರುವುದು ಬಹಳ ಕಷ್ಟ. ಜರ್ಮನ್ ಶೆಫರ್ಡ್ ಜಾತಿಗೆ ಇದು ಇನ್ನೂ ಜೋರಾಗಿ ಹೊಡೆಯುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೇನಾ ನಾಯಿಗಳು ನೂರಾರು ಸಂಖ್ಯೆಯಲ್ಲಿ ಇದೇ ರೋಗಕ್ಕೆ, ಮೂಗಿನಿಂದ ರಕ್ತ ಸುರಿಸಿಕೊಂಡು ಸತ್ತವು. ಅಲ್ಲಿ ಬಹಳಷ್ಟು ನಾಯಿಗಳು ಶೆಫರ್ಡ್ ಜಾತಿಯವೇ ಆಗಿದ್ದವು.

ಎರ್ಲಿಕಿಯಾಕ್ಕೆ ಮದ್ದು ದುಬಾರಿಯಲ್ಲ, ಸಿಗದ್ದೂ ಅಲ್ಲ. ಡಾಕ್ಸಿಸೈಕ್ಲಿನ್. ಆದರೆ ಅದನ್ನು 28 ದಿನ ಕೊಡಬೇಕು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ಜ್ವರ ಇಳಿಯುತ್ತದೆ, ಜನ ಐದಾರನೇ ದಿನಕ್ಕೆ ನಿಲ್ಲಿಸುತ್ತಾರೆ. ನೀವೂ ಅದನ್ನೇ ಮಾಡಿದಿರಿ. ಬೈಯುತ್ತಿಲ್ಲ. ಚೀಟಿಯಲ್ಲಿ ಎಷ್ಟು ದಿನ ಎಂದು ದೊಡ್ಡದಾಗಿ ಬರೆದು, ಯಾಕೆ ಎಂದು ಬಾಯಲ್ಲಿ ಹೇಳದೆ ಕಳಿಸುವುದು ನಮ್ಮ ತಪ್ಪು. ನಾನೂ ಬಹಳ ವರ್ಷ ಹಾಗೆಯೇ ಕಳಿಸಿದ್ದೇನೆ.

ಗುಳಿಗೆ ಕೊಡುವುದರಲ್ಲೂ ಒಂದು ವಿಷಯ ಇದೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ, ಅದರಲ್ಲೇ ಗುಳಿಗೆ ಅಡಗಿಸಿ ಕೊಡುವುದು ರೂಢಿ. ಈ ಗುಳಿಗೆಗೆ ಮಾತ್ರ ಹಾಲು ಬೇಡ. ಹಾಲಿನ ಸುಣ್ಣದಂಶ ಮದ್ದನ್ನು ಹಿಡಿದುಕೊಂಡು, ಮೈಗೆ ಹತ್ತದ ಹಾಗೆ ಮಾಡುತ್ತದೆ. ರಕ್ತ ಹೆಚ್ಚಲಿ ಅಂತ ಕೊಡುವ ಕಬ್ಬಿಣದ ಟಾನಿಕ್ ಕೂಡ ಹಾಗೆಯೇ, ಎರಡಕ್ಕೂ ನಡುವೆ ಎರಡು ಮೂರು ತಾಸು ಬಿಡಿ. ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ ಅದರಲ್ಲಿ ಕೊಡಿ, ಮೇಲೆ ನೀರು ಕುಡಿಸಿ.

ಊಟದ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಉಳಿದ ಸಾರು, ಪಲ್ಯ ನಾಯಿಗೆ ಹಾಕುತ್ತೀರಾ? ಅದರಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇರುತ್ತದೆ. ಇವೆರಡೂ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತವೆ. ಮೊದಲೇ ರಕ್ತ ಕಡಿಮೆ ಇರುವ ನಾಯಿಗೆ ಅದು ಗಾಯದ ಮೇಲೆ ಬರೆ. ಬೇಯಿಸಿದ ಕುರಿ ಲಿವರ್ ಸ್ವಲ್ಪ, ಮೊಟ್ಟೆ, ಅನ್ನ, ಮಸಾಲೆ ಇಲ್ಲದ ಕೋಳಿ. ಸದ್ಯಕ್ಕೆ ಇಷ್ಟು ಸಾಕು.

ಅನುಮಾನ ಎರ್ಲಿಕಿಯಾ ಮೇಲೆ ಎಂದೆ, ಆದರೆ ಬಬೀಸಿಯಾ ಇಲ್ಲ ಎಂದು ಹೇಳಿಲ್ಲ. ಒಂದೇ ಉಣ್ಣಿ ಎರಡನ್ನೂ ಹೊತ್ತು ತರಬಹುದು. ಐದು ದಿನದ ಮದ್ದಿಗೆ ಬಗ್ಗದ ನಾಯಿಗಳಲ್ಲಿ ಎರಡೂ ಒಟ್ಟಿಗೆ ಸಿಕ್ಕಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಬಬೀಸಿಯಾ ಕೆಂಪು ಕಣದೊಳಗೆ ಹೋಗಿ ಅದನ್ನು ಒಡೆಯುತ್ತದೆ. ಒಡೆದ ಕಣದ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ. ಕಪ್ಪು ಚಹಾದ ಬಣ್ಣ. ದನಗಳಿಗೆ ಬರುವ ಕೆಂಪು ಮೂತ್ರದ ರೋಗ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅದೇ ಕುಲದ್ದು ಇದು, ಆದರೆ ದನದ್ದು ನಾಯಿಗೆ ಬರುವುದಿಲ್ಲ, ನಾಯಿಯದು ದನಕ್ಕೆ ಬರುವುದಿಲ್ಲ. ವಸಡು ಮೊದಲು ಬಿಳುಚುತ್ತದೆ, ಆಮೇಲೆ ಕಾಮಾಲೆ ಬಂದು ಕಣ್ಣು ಹಳದಿಯಾಗುತ್ತದೆ. ಆ ಹೊತ್ತಿಗೆ ಯಾರೋ ಕಾಮಾಲೆಗೆ ಬೇರು ಕೊಡುವವರ ವಿಳಾಸ ಹೇಳುತ್ತಾರೆ, ಎರಡು ಅಮೂಲ್ಯ ದಿನ ಅಲ್ಲಿ ಕಳೆಯುತ್ತವೆ.

ಬಬೀಸಿಯಾದಲ್ಲಿ ದೊಡ್ಡದು, ಸಣ್ಣದು ಎಂದು ಎರಡು. ದೊಡ್ಡದು ಸೂಕ್ಷ್ಮದರ್ಶಕದಲ್ಲಿ ಎರಡು ಪೇರಲ ಹಣ್ಣನ್ನು ತೊಟ್ಟು ಕೂಡಿಸಿ ಇಟ್ಟ ಹಾಗೆ ಕಾಣುತ್ತದೆ. ಇಮಿಡೋಕಾರ್ಬ್ ಎಂಬ ಇಂಜೆಕ್ಷನ್‌ಗೆ, ಎರಡು ವಾರ ಬಿಟ್ಟು ಎರಡು ಸಲ ಹಾಕಿದರೆ, ಚೆನ್ನಾಗಿ ಬಗ್ಗುತ್ತದೆ. ಹಾಕಿದ ಮೇಲೆ ನಾಯಿ ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ. ಅದನ್ನು ತಡೆಯಲು ಮುಂಚೆ ಅಟ್ರೋಪಿನ್ ಕೊಡುತ್ತಾರೆ. ನೋಡಿ ಗಾಬರಿಯಾಗಬೇಡಿ.

ಸಣ್ಣದು ಹಟಮಾರಿ. ಇದರ ಹೆಸರು ಬಬೀಸಿಯಾ ಗಿಬ್ಸೋನಿ. ಇದು ನಮ್ಮ ದಕ್ಷಿಣದಲ್ಲೇ ಪತ್ತೆಯಾದದ್ದು. 1910ರಲ್ಲಿ ಪ್ಯಾಟನ್ ಎಂಬವರು ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ ಮೊದಲು ಕಂಡರು, ಆಮೇಲೆ ನರಿಯ ರಕ್ತದಲ್ಲೂ ಸಿಕ್ಕಿತು. ಇಮಿಡೋಕಾರ್ಬ್‌ಗೆ ಇದು ಪೂರ್ತಿ ಬಗ್ಗುವುದಿಲ್ಲ. ಅಟೊವಾಕ್ವೋನ್ ಮತ್ತು ಅಜಿಥ್ರೋಮೈಸಿನ್ ಕೂಡಿಸಿ ಹತ್ತು ದಿನ ಕೊಡುವುದು ಇದಕ್ಕೆ ಒಳ್ಳೆಯ ದಾರಿ. ಆದರೆ ಮೊದಲನೆಯದು ತುಂಬಾ ದುಬಾರಿ, ನಮ್ಮ ಊರುಗಳ ಮದ್ದಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದೂ ಅಲ್ಲ. ಅದು ಆಗದಿದ್ದರೆ ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಜೊತೆ ಮಾಡಿ ಹೆಚ್ಚು ದಿನ ಕೊಡುತ್ತೇವೆ. ನಾಯಿ ಚೇತರಿಸಿಕೊಳ್ಳುತ್ತದೆ. ಪರಾವಲಂಬಿ ಪೂರ್ತಿ ಹೋಯಿತು ಎಂದು ಎದೆ ತಟ್ಟಿ ಹೇಳಲು ಆಗುವುದಿಲ್ಲ. ಇನ್ನೊಂದು ಮಾತು: ಗಿಬ್ಸೋನಿ ಉಣ್ಣಿಯಿಂದ ಮಾತ್ರ ಬರುವುದಲ್ಲ, ನಾಯಿ ನಾಯಿ ಕಚ್ಚಾಡಿದಾಗಲೂ ರಕ್ತದಿಂದ ರಕ್ತಕ್ಕೆ ದಾಟುತ್ತದೆ, ತಾಯಿಯಿಂದ ಮರಿಗೂ ಹೋಗುತ್ತದೆ. ಕರಿಯ ಓಣಿಯಲ್ಲಿ ಜಗಳಕ್ಕೆ ನಿಲ್ಲುವವನಾ? ಡಾಕ್ಟರಿಗೆ ಹೇಳಿ.

ಬೆರೆನಿಲ್ ಹೆಸರಿನಲ್ಲಿ ಸಿಗುವ ಡಿಮಿನಜೀನ್ ಇಂಜೆಕ್ಷನ್ ಹಳ್ಳಿಗಳಲ್ಲಿ ದನಕ್ಕೆ ಹಾಕಿ ರೂಢಿ. ಉಳಿದದ್ದನ್ನು ನಾಯಿಗೆ ಅಂದಾಜಿನಲ್ಲಿ ಹಾಕುವವರಿದ್ದಾರೆ. ನಾಯಿಗೆ ಅದು ಹೆಚ್ಚು ಕಡಿಮೆಯಾದರೆ ಮೆದುಳಿಗೆ ಹೊಡೆಯುತ್ತದೆ. ತೂಕ ಹಾಕದೆ ಯಾರಾದರೂ ಈ ಇಂಜೆಕ್ಷನ್ ತೆಗೆದರೆ ಬೇಡ ಎಂದುಬಿಡಿ.

ಹೆಪಟೋಜೂನ್ ಬಗ್ಗೆ ಎರಡೇ ಮಾತು. ಅದು ಉಣ್ಣಿ ಕಚ್ಚಿ ಬರುವುದಲ್ಲ, ನಾಯಿ ಉಣ್ಣಿಯನ್ನು ನೆಕ್ಕಿ ನುಂಗಿದಾಗ ಬರುತ್ತದೆ. 1905ರಲ್ಲಿ ಇದನ್ನು ಮೊದಲು ವಿವರಿಸಿದ್ದೂ ಭಾರತದ ನಾಯಿಗಳಲ್ಲೇ. ಒಂಟಿಯಾಗಿ ಬಂದರೆ ಬಹಳ ನಾಯಿಗಳಿಗೆ ಏನೂ ಆಗುವುದಿಲ್ಲ.

ಟ್ರಿಪನೊಸೋಮಾ ಹಾಗಲ್ಲ. ಇದರ ರೋಗಕ್ಕೆ ಸರ್ರಾ ಎಂದು ಹೆಸರು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡರು. ಉಣ್ಣಿಗೂ ಇದಕ್ಕೂ ಸಂಬಂಧ ಇಲ್ಲ. ದನ, ಎಮ್ಮೆಯನ್ನು ಕಚ್ಚುವ ದೊಡ್ಡ ನೊಣ ಒಂದು ಪ್ರಾಣಿಯ ರಕ್ತವನ್ನು ಬಾಯಲ್ಲಿ ಹಚ್ಚಿಕೊಂಡು ಇನ್ನೊಂದನ್ನು ಕಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯಲ್ಲಿ ನೀರು ನಿಲ್ಲುವ ಗದ್ದೆ, ಎಮ್ಮೆ ಎರಡೂ ಇವೆ. ಮಳೆಗಾಲದಲ್ಲಿ ಅಂಥ ಕಡೆಯ ನಾಯಿಗೆ ಜ್ವರ ಬಂದು ಕಾಲು, ಮುಖ ಊದಿ, ಕಣ್ಣಿಗೆ ಹಾಲು ಹೊಯ್ದ ಹಾಗೆ ಬಿಳುಪು ಬಂದರೆ ನಾನು ಮೊದಲು ಸರ್ರಾವನ್ನೇ ಹುಡುಕುತ್ತೇನೆ. ಸತ್ತ ದನದ ಹಸಿ ಮಾಂಸ ತಿಂದ ನಾಯಿಗೂ ಇದು ಬರಬಹುದು. ಬೀದಿ ನಾಯಿಗೆ, ತೋಟದ ನಾಯಿಗೆ ಆ ಅಪಾಯ ಜಾಸ್ತಿ. ‘ಕಣ್ಣಲ್ಲಿ ಪೊರೆ ಬಂದಿದೆ, ಡ್ರಾಪ್ಸ್ ಕೊಡಿ’ ಎಂದು ಬಂದ ನಾಯಿಯ ಹಸಿ ರಕ್ತದ ಹನಿಯನ್ನು ಗಾಜಿನ ಮೇಲೆ ಇಟ್ಟು ನೋಡಿದರೆ, ಅಲ್ಲಿ ಮೀನಿನ ಮರಿಗಳ ಹಾಗೆ ಪುಳಪುಳ ಓಡಾಡುತ್ತಿರುತ್ತವೆ. ಒಮ್ಮೆ ಕಂಡರೆ ಯಾವ ಡಾಕ್ಟರೂ ಮರೆಯುವುದಿಲ್ಲ.

ಪರೀಕ್ಷೆ ಹೇಗೆ ಮಾಡಿಸಬೇಕು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಮದ್ದು ಶುರು ಮಾಡುವ ಮೊದಲು ರಕ್ತ ತೆಗೆಸಿ. ಎರಡು ದಿನ ಮದ್ದು ಹೋದ ಮೇಲೆ ಗಾಜಿನಲ್ಲಿ ಏನೂ ಕಾಣದೇ ಹೋಗಬಹುದು. ಬಬೀಸಿಯಾ ಸಣ್ಣ ರಕ್ತನಾಳದಲ್ಲಿ ಹೆಚ್ಚು ಇರುತ್ತದೆ, ಹಾಗಾಗಿ ಕಿವಿ ತುದಿಯಿಂದ ಒಂದು ಹನಿ ತೆಗೆದು, ಗಾಜಿನ ಮೇಲೆ ಸವರಿ ನೋಡುವ ಸ್ಮಿಯರ್ ಪರೀಕ್ಷೆ ಮಾಡಿಸಿ. ಎರ್ಲಿಕಿಯಾ ಗಾಜಿನಲ್ಲಿ ಅಪರೂಪಕ್ಕೆ ಕಾಣುತ್ತದೆ. ಕಾಣಲಿಲ್ಲ ಅಂದರೆ ಇಲ್ಲ ಎಂದಲ್ಲ. ಅದಕ್ಕೆ ಕಿಟ್ ಪರೀಕ್ಷೆ ಇದೆ, ಹತ್ತು ನಿಮಿಷದ ಕೆಲಸ. ಆದರೆ ಕಿಟ್ ಹೇಳುವುದು ರೋಗದ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯವನ್ನು. ರೋಗ ಹೋದ ಮೇಲೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ. 28 ದಿನ ಮುಗಿಸಿ ಮತ್ತೆ ಕಿಟ್ ಮಾಡಿಸಿ, ಪಾಸಿಟಿವ್ ಬಂತು ಅಂತ ಮತ್ತೆ 28 ದಿನ ಮದ್ದು ಕೊಟ್ಟವರಿದ್ದಾರೆ. ಸುಮ್ನೆ ದುಡ್ಡು ದಂಡ. ಖಚಿತ ಬೇಕೆಂದರೆ ರೋಗಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಯಂತ್ರ ಎಣಿಸಿದ ಪ್ಲೇಟ್‌ಲೆಟ್ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅವು ಒಂದಕ್ಕೊಂದು ಅಂಟಿ ಗುಂಪಾದರೆ ಯಂತ್ರ ಕಡಿಮೆ ತೋರಿಸುತ್ತದೆ. ಕರಿಯನಿಗೆ ಮೂಗಿನಿಂದ ರಕ್ತವೂ ಬಂದಿದೆ, ಹಾಗಾಗಿ ಅವನ ಲೆಕ್ಕ ಸುಳ್ಳಿರಲಾರದು. ಕೆಂಪು ರಕ್ತದ ಪ್ರಮಾಣ, ಪಿಸಿವಿ ಎಂದು ರಿಪೋರ್ಟಿನಲ್ಲಿ ಬರುವುದು, 37ರಿಂದ 55 ಇರಬೇಕು. ಅದು 15ರ ಹತ್ತಿರ ಇಳಿದರೆ ಬೇರೆ ನಾಯಿಯ ರಕ್ತ ಕೊಡಬೇಕಾಗಬಹುದು. ಪರಿಚಯದವರ ಮನೆಯಲ್ಲಿ 25 ಕಿಲೋ ದಾಟಿದ, ಲಸಿಕೆ ಹಾಕಿಸಿದ, ಆರೋಗ್ಯವಾದ ನಾಯಿ ಯಾವುದಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಅದರ ರಕ್ತವನ್ನೂ ಮೊದಲು ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಇದೇ ರೋಗ ಆ ಕಡೆಯಿಂದ ಮತ್ತೆ ಬರುತ್ತದೆ.

ಈಗ ಗೋಡೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ‘ಹಳೇ ಕಲ್ಲಿನ ಮನೆ’ ಎಂಬ ಮೂರು ಪದ.

ನಮ್ಮ ನಾಯಿಗಳ ಮೇಲೆ ಕಾಣುವ ಕಂದು ಉಣ್ಣಿ ಕಾಡಿನದಲ್ಲ, ಹುಲ್ಲಿನದೂ ಅಲ್ಲ. ಮನೆಯದು. ಬೇರೆ ಜಾತಿಯ ಉಣ್ಣಿಗಳು ಹೊರಗೆ ಬದುಕಿದರೆ, ಇದು ಮನುಷ್ಯರ ಸೂರಿನಡಿ ಸಂಸಾರ ಹೂಡುತ್ತದೆ. ರಕ್ತ ಕುಡಿದು ಹರಳು ಬೀಜದ ಹಾಗೆ ಉಬ್ಬಿದ ಹೆಣ್ಣು ನಾಯಿಯಿಂದ ಕೆಳಗೆ ಬೀಳುತ್ತದೆ, ಸಂದು ಹುಡುಕಿಕೊಂಡು ಗೋಡೆ ಹತ್ತುತ್ತದೆ, ಅಲ್ಲಿ ಸಾವಿರದಿಂದ ನಾಲ್ಕು ಸಾವಿರದವರೆಗೆ ಮೊಟ್ಟೆ ಇಟ್ಟು ಸಾಯುತ್ತದೆ. ಹುಟ್ಟಿದ ಮರಿಗೆ ಆರು ಕಾಲು, ಸಾಸಿವೆಗಿಂತ ಸಣ್ಣದು. ಅದು ನಾಯಿ ಹತ್ತಿ ಕೆಲವು ದಿನ ರಕ್ತ ಕುಡಿದು ಮತ್ತೆ ಕೆಳಗೆ ಬೀಳುತ್ತದೆ. ಸಂದಿಯಲ್ಲಿ ಪೊರೆ ಕಳಚಿ ಎಂಟು ಕಾಲಿನದಾಗುತ್ತದೆ. ಮತ್ತೆ ಹತ್ತುತ್ತದೆ, ಕುಡಿಯುತ್ತದೆ, ಬೀಳುತ್ತದೆ, ಪೊರೆ ಬಿಡುತ್ತದೆ. ಮೂರನೇ ಸಲ ದೊಡ್ಡದಾಗಿ ಹತ್ತುತ್ತದೆ. ನಮ್ಮ ಬಿಸಿಲಿಗೆ ಈ ಇಡೀ ಸುತ್ತು ಎರಡು ತಿಂಗಳಲ್ಲಿ ಮುಗಿದುಹೋಗುತ್ತದೆ. ಊಟ ಸಿಗದಿದ್ದರೂ ದೊಡ್ಡ ಉಣ್ಣಿ ತಿಂಗಳುಗಟ್ಟಲೆ, ಒಂದು ವರ್ಷ ದಾಟಿಯೂ ಕಾಯುತ್ತ ಕೂರಬಲ್ಲದು. ನಿಮಗೆ ನಾಯಿ ಮೈಮೇಲೆ ಹತ್ತು ಕಂಡರೆ, ಉಳಿದ ನೂರಾರು ಮನೆಯಲ್ಲಿವೆ ಎಂದು ತಿಳಿಯಿರಿ.

ಇನ್ನೊಂದು ಲೆಕ್ಕ ನೋಡಿ. ಎರ್ಲಿಕಿಯಾ ತಾಯಿ ಉಣ್ಣಿಯಿಂದ ಮೊಟ್ಟೆಗೆ ಹೋಗುವುದಿಲ್ಲ. ಹುಟ್ಟಿದ ಮರಿ ಶುದ್ಧ. ಅದು ರೋಗ ಹತ್ತಿಸಿಕೊಳ್ಳುವುದು ರೋಗ ಇರುವ ನಾಯಿಯ ರಕ್ತ ಕುಡಿದಾಗ. ಯುಗಾದಿ ಹೊತ್ತಿಗೆ ಕರಿಯನ ಮೈಯಲ್ಲಿ ರೋಗ ಇತ್ತು. ಆಗ ಅವನ ರಕ್ತ ಕುಡಿದು ಬಿದ್ದ ಮರಿಗಳು ನಿಮ್ಮ ಗೋಡೆಯಲ್ಲಿ ಬೆಳೆದು, ಈಗ ದೊಡ್ಡವಾಗಿ ಮತ್ತೆ ಅವನನ್ನೇ ಕಚ್ಚುತ್ತಿವೆ. ಒಮ್ಮೆ ರೋಗ ಬಂದು ಹೋದರೆ ಮತ್ತೆ ಬರದಂಥ ಶಕ್ತಿ ಇದಕ್ಕೆ ಹುಟ್ಟುವುದಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಅರ್ಧಕ್ಕೆ ನಿಂತ ಗುಳಿಗೆ ಒಂದು ಕಾರಣ, ಗೋಡೆ ಇನ್ನೊಂದು. ಎರಡರಲ್ಲಿ ಯಾವುದು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಎರಡಕ್ಕೂ ಮದ್ದು ಮಾಡಬೇಕು.

ರಾಯಚೂರು, ಬಳ್ಳಾರಿ, ಕೊಪ್ಪಳದ ಹಳೇ ಮನೆಗಳು ಉಣ್ಣಿಗೆ ಹೇಳಿ ಮಾಡಿಸಿದ ಹಾಗಿವೆ. ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ, ನಡುವೆ ಉದುರಿದ ಮಣ್ಣು ಗಾರೆ. ನೆಲಕ್ಕೆ ಶಹಾಬಾದ್ ಪರಸಿ, ಅದರ ಸಂದುಗಳಲ್ಲಿ ಸಿಮೆಂಟು ಎದ್ದುಹೋಗಿರುತ್ತದೆ. ಬೇಸಿಗೆಯಲ್ಲಿ ಪಡಸಾಲೆ ತಣ್ಣಗಿರುತ್ತದೆ, ನಾಯಿ ಅಲ್ಲೇ ಮಲಗುತ್ತದೆ. ಸಂಜೆ ಟಾರ್ಚ್ ಹಿಡಿದು ನೋಡಿ. ನಾಯಿ ಮಲಗುವ ಜಾಗದ ಸುತ್ತ ಪರಸಿ ಸಂದು, ಬಾಗಿಲ ಚೌಕಟ್ಟು, ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್ ಹಿಂದೆ, ದೇವರ ಫೋಟೋ ಹಿಂದೆ, ತೊಲೆ ಗೋಡೆಗೆ ಸೇರುವ ಜಾಗ. ಇವು ಮೇಲಕ್ಕೆ ಹತ್ತುವ ಜಾತಿ, ನೆಲ ಮಾತ್ರ ಒರೆಸಿದರೆ ಆಗದು. ಫಿನಾಯಿಲ್ ಹಾಕಿ ಒರೆಸಿದೆವು ಎಂದು ಎಲ್ಲರೂ ಹೇಳುತ್ತಾರೆ. ಫಿನಾಯಿಲ್ ವಾಸನೆಗೆ ಉಣ್ಣಿ ಹೆದರುವುದಿಲ್ಲ.

ಮಾಡಬೇಕಾದದ್ದು ಇದು. ನಾಯಿ ಮಲಗುವ ಗೋಣಿಚೀಲ ಇದ್ದರೆ ಸುಟ್ಟುಬಿಡಿ, ಬಟ್ಟೆ ಇದ್ದರೆ ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಹಾಕಿ. ಪರಸಿ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ, ಒಣಗಿದ ಮೇಲೆ ಸಿಮೆಂಟು ತುಂಬಿಸಿ. ಗೋಡೆ ಸಂದುಗಳಿಗೂ ಅಷ್ಟೇ. ಡೆಲ್ಟಾಮೆಥ್ರಿನ್ ತರಹದ, ಮನೆಯೊಳಗೆ ಸಿಂಪಡಿಸಲೆಂದೇ ಇರುವ ಔಷಧಿಯನ್ನು ತಿಳಿದವರ ಕೈಯಿಂದ ಹೊಡೆಸಿ. ಒಣಗುವ ತನಕ ಮಕ್ಕಳು, ನಾಯಿ ಹೊರಗಿರಲಿ. ಮನೆಯಲ್ಲಿ ಬೆಕ್ಕಿದ್ದರೆ ಮೊದಲೇ ಹೇಳಿ, ಈ ಜಾತಿಯ ಔಷಧಿ ಬೆಕ್ಕಿಗೆ ಆಗುವುದಿಲ್ಲ. ಮೊಟ್ಟೆಗಳಿಗೆ ಔಷಧಿ ತಾಗುವುದಿಲ್ಲ, ಹಾಗಾಗಿ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ, ಬೇಕಾದರೆ ಮೂರನೇ ಸಲವೂ ಹೊಡೆಸಬೇಕು.

ನಾಯಿಗೆ ಈಗ ಬಾಯಿಂದ ಕೊಡುವ ಒಳ್ಳೆಯ ಗುಳಿಗೆಗಳಿವೆ. ಬ್ರಾವೆಕ್ಟೋ ಒಂದು ಕೊಟ್ಟರೆ 12 ವಾರ, ನೆಕ್ಸ್‌ಗಾರ್ಡ್ ಒಂದು ತಿಂಗಳು, ಸಿಂಪಾರಿಕಾ 35 ದಿನ ಕೆಲಸ ಮಾಡುತ್ತವೆ. ಕಚ್ಚಿದ ಉಣ್ಣಿ ಸಾಯುತ್ತದೆ. ಬೆಲೆ ಜಾಸ್ತಿ ಅನಿಸಬಹುದು. ನನ್ನ ಅನುಭವದಲ್ಲಿ ಕಲ್ಲಿನ ಮನೆಯವರಿಗೆ ಇದರಷ್ಟು ಉಳಿತಾಯದ ಖರ್ಚು ಇನ್ನೊಂದಿಲ್ಲ. ಕಚ್ಚಿದ ಮೇಲೆ ಸಾಯುವುದರಿಂದ ರೋಗ ಬರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ, ಎರ್ಲಿಕಿಯಾ ಕೆಲವೇ ತಾಸಿನಲ್ಲಿ ದಾಟಬಲ್ಲದು. ಆದರೆ ಮನೆಯ ಉಣ್ಣಿಗಳಿಗೆಲ್ಲ ಕರಿಯನೇ ಬಲೆಯಾಗುತ್ತಾನೆ. ಒಂದೊಂದಾಗಿ ಹತ್ತಿ ಸಾಯುತ್ತವೆ, ಮೊಟ್ಟೆ ಇಡಲು ಯಾವುದೂ ಉಳಿಯುವುದಿಲ್ಲ. ಹಿಂದೆ ಫಿಟ್ಸ್ ಬಂದ ನಾಯಿಗೆ ಡಾಕ್ಟರನ್ನು ಕೇಳದೆ ಇವನ್ನು ಕೊಡಬಾರದು.

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಹತ್ತಿ ಹೊಲಕ್ಕೆ, ಭತ್ತಕ್ಕೆ ಹೊಡೆಯುವ ಔಷಧಿಯನ್ನು ನಾಯಿ ಮೈಗೆ ಹಚ್ಚಬೇಡಿ. ನಮ್ಮ ಮೂರು ಜಿಲ್ಲೆಯಲ್ಲೂ ಇದು ನಡೆಯುತ್ತದೆ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಬಕೆಟ್ ನೀರಿಗೆ ಬೆರೆಸಿ ಸುರಿಯುತ್ತಾರೆ. ನಾಯಿ ನೆಕ್ಕಿಕೊಳ್ಳುತ್ತದೆ. ಅರ್ಧ ತಾಸಿನಲ್ಲಿ ಜೊಲ್ಲು, ನಡುಕ, ಕಣ್ಣಿನ ಪಾಪೆ ಚುಕ್ಕೆಯಷ್ಟು ಸಣ್ಣದು. ಒಂದೇ ಮನೆಯಿಂದ ಎರಡು ನಾಯಿ ಹೀಗೆ ನನ್ನ ಹತ್ತಿರ ಬಂದಿದ್ದವು. ಒಂದು ಉಳಿಯಿತು. ಸೀಮೆಎಣ್ಣೆಯೂ ಬೇಡ, ಊದುಬತ್ತಿಯಿಂದ ಸುಡುವುದೂ ಬೇಡ. ಉಣ್ಣಿಯನ್ನು ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಸೋಪಿನ ನೀರಿಗೆ ಹಾಕಿ. ಸದ್ಯ ಕರಿಯನ ಪ್ಲೇಟ್‌ಲೆಟ್ ಇಷ್ಟು ಕಡಿಮೆ ಇರುವಾಗ ಕಿತ್ತ ಜಾಗದಿಂದ ರಕ್ತ ನಿಲ್ಲದಿರಬಹುದು, ಅವನಿಗೆ ಉಣ್ಣಿ ಗುಳಿಗೆ ಕೊಟ್ಟ ಮೇಲೆ ಉಣ್ಣಿಗಳು ತಾವೇ ಉದುರಲಿ.

ಓಣಿಯ ನಾಯಿಗಳ ಮೇಲಿನ ಆರೋಪಕ್ಕೆ ಬರೋಣ. ಅವುಗಳ ರಕ್ತದಲ್ಲಿ ಈ ಪರಾವಲಂಬಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬೀದಿ ನಾಯಿಗಳು ಮರಿಯಾಗಿದ್ದಾಗಲೇ ಉಣ್ಣಿ ಕಚ್ಚಿಸಿಕೊಂಡು, ಬದುಕಿ ಉಳಿದವು ರೋಗವನ್ನು ಒಳಗೇ ಇಟ್ಟುಕೊಂಡು ಮೇಲೆ ಗಟ್ಟಿಮುಟ್ಟಾಗಿ ಓಡಾಡುತ್ತವೆ. ಆದರೆ ಉಣ್ಣಿ ಹಾರುವುದಿಲ್ಲ, ಜಿಗಿಯುವುದಿಲ್ಲ. ಒಂದು ನಾಯಿ ಮಲಗಿ ಎದ್ದ ಜಾಗದಲ್ಲಿ ಇನ್ನೊಂದು ನಾಯಿ ಮಲಗಿದಾಗ ಹತ್ತುತ್ತದೆ. ಆ ಮೂರು ಮಲಗುವುದು ನಿಮ್ಮ ಮನೆ ಮುಂದಿನ ಕಟ್ಟೆ ಮೇಲೆ ತಾನೆ? ಕರಿಯ ಸಂಜೆ ಕೂರುವುದೂ ಅಲ್ಲೇ ಇರಬೇಕು.

ಓಡಿಸಿದರೆ ಏನಾಗುತ್ತದೆ? ಕಟ್ಟೆಯ ಉಣ್ಣಿ ಕಟ್ಟೆಯಲ್ಲೇ ಇರುತ್ತದೆ. ಖಾಲಿಯಾದ ಓಣಿಗೆ ಪಕ್ಕದ ಓಣಿಯ ನಾಯಿಗಳು ಬರುತ್ತವೆ, ಅವಕ್ಕೆ ನಿಮ್ಮ ಪರಿಚಯವೂ ಇರುವುದಿಲ್ಲ. ದಿನಾ ಒಂದೇ ಹೊತ್ತಿಗೆ ಬಂದು ನಿಮ್ಮ ಕೈಯಿಂದ ರೊಟ್ಟಿ ತಿನ್ನುವ ನಾಯಿ ಅಂದರೆ ಮದ್ದು ಕೊಡಲು ಅತಿ ಸುಲಭದ ನಾಯಿ. ಕರಿಯನಿಗೆ ಕೊಡುವ ಉಣ್ಣಿ ಗುಳಿಗೆಯನ್ನೇ ಅವುಗಳ ತೂಕಕ್ಕೆ ತಕ್ಕದ್ದು ತಂದು, ಮೊಟ್ಟೆಯಲ್ಲಿ ಅಡಗಿಸಿ ಒಂದೊಂದಕ್ಕೆ ಬೇರೆ ಬೇರೆ ಹಾಕಿ. ಒಂದೇ ನಾಯಿ ಮೂರನ್ನೂ ತಿನ್ನದ ಹಾಗೆ ನಿಂತು ನೋಡಿ. ಎರಡು ತಿಂಗಳೊಳಗಿನ ಮರಿಗೆ, ಹಾಲೂಡಿಸುವ ತಾಯಿಗೆ ಕೇಳಿಯೇ ಕೊಡಬೇಕು. ರೊಟ್ಟಿ ಹಾಕುವ ಜಾಗವನ್ನು ಬಾಗಿಲಿನಿಂದ ದೂರ ಮಾಡಿ, ದಿನಕ್ಕೆ ನಾಲ್ಕು ಹೆಜ್ಜೆಯಂತೆ ಸರಿಸಿದರೆ ಅವಕ್ಕೂ ಬೇಜಾರಾಗದು. ಓಣಿ ಹೊರಗಿನ ಒಂದು ಜಾಗ ಗೊತ್ತು ಮಾಡಿದರೆ ಪಕ್ಕದ ಮನೆಯವರ ತಕರಾರೂ ಇಳಿಯುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗಳ ಸಂತಾನಹರಣ, ರೇಬೀಸ್ ಲಸಿಕೆ ಸ್ಥಳೀಯ ಆಡಳಿತದ ಕೆಲಸ. ಓಣಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ. ಜಗಳ ಕಡಿಮೆಯಾದರೆ ಗಿಬ್ಸೋನಿ ದಾಟುವುದೂ ಕಡಿಮೆ.

ಅವುಗಳ ವಸಡು ನೋಡಲು ಬಾಯಿಗೆ ಕೈ ಹಾಕಬೇಡಿ. ಅದರಲ್ಲೂ ಜೊಲ್ಲು ಸುರಿಸುತ್ತ, ದವಡೆ ಜೋತುಬಿದ್ದು, ನೀರು ನುಂಗಲಾಗದ ನಾಯಿ ಕಂಡರೆ ರಕ್ತದ ಹುಳ ಎಂದು ಅಂದುಕೊಳ್ಳಬೇಡಿ. ಅದು ರೇಬೀಸ್ ಇರಬಹುದು. ದೂರ ನಿಂತು ಪಶು ಆಸ್ಪತ್ರೆಗೆ ತಿಳಿಸಿ.

ಮಕ್ಕಳ ವಿಷಯ. ಕರಿಯನನ್ನು ಮುಟ್ಟಿದರೆ, ಅವನ ಪಕ್ಕ ಕೂತರೆ ಈ ರೋಗ ಬರುವುದಿಲ್ಲ. ನಾಯಿಯ ಬಬೀಸಿಯಾ ಬಗ್ಗೆಯೂ ಮಕ್ಕಳಿಗಾಗಿ ಹೆದರಬೇಕಿಲ್ಲ. ಆದರೆ ಇದೇ ಕಂದು ಉಣ್ಣಿ ಅಪರೂಪಕ್ಕೆ ಮನುಷ್ಯರನ್ನು ಕಚ್ಚಿ ಉಣ್ಣಿ ಟೈಫಸ್ ಎಂಬ ಬೇರೆ ಜ್ವರ ತರಬಲ್ಲದು. ಮಕ್ಕಳಿಗೆ ಜ್ವರದ ಜೊತೆ ಅಂಗೈ ಅಂಗಾಲಲ್ಲಿ, ಮೈಮೇಲೆ ಕೆಂಪು ಗುಳ್ಳೆ ಬಂದರೆ ಡಾಕ್ಟರಿಗೆ ‘ಮನೆಯಲ್ಲಿ ಉಣ್ಣಿ ಇದ್ದವು’ ಎಂದು ಹೇಳಿ. ಈ ಒಂದು ವಾಕ್ಯ ಬಹಳ ಸಲ ರೋಗ ಹಿಡಿಯಲು ನೆರವಾಗುತ್ತದೆ. ಉಣ್ಣಿಯನ್ನು ಉಗುರಲ್ಲಿ ಕುಟ್ಟಿ ‘ಪಟ್’ ಅನ್ನಿಸುವ ಆಟ ಮಕ್ಕಳಿಗೆ ಬಹಳ ಇಷ್ಟ. ಅದನ್ನು ಬಿಡಿಸಿ.

ಪಪ್ಪಾಯಿ ಎಲೆ ರಸ ಡೆಂಗ್ಯೂ ಕಾಲದಿಂದ ಹೆಸರು ಮಾಡಿದೆ. ಅದು ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ, ಬಬೀಸಿಯಾವನ್ನೂ ಕೊಲ್ಲುವುದಿಲ್ಲ. ಕಹಿಗೆ ನಾಯಿ ವಾಂತಿ ಮಾಡಿಕೊಂಡರೆ ಜೊತೆಗೆ ಕೊಟ್ಟ ಡಾಕ್ಸಿಸೈಕ್ಲಿನ್ ಕೂಡ ಹೊರಗೆ ಬರುತ್ತದೆ. ರೋಗ ಇಳಿದರೆ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ನಾನಾದರೆ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಮನೆಯ ಡಬ್ಬಿಯಲ್ಲಿರುವ ಜ್ವರದ, ನೋವಿನ ಗುಳಿಗೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಪ್ಲೇಟ್‌ಲೆಟ್ 38 ಸಾವಿರ ಇರುವ ನಾಯಿಗೆ ಹೀಗೆ ರಕ್ತ ಸುರಿಯಲು ಒಂದೇ ಗುಳಿಗೆ ಸಾಕು, ಕೊಡಲೇಬೇಡಿ. ಜ್ವರ ಬಂದರೆ ಒದ್ದೆ ಬಟ್ಟೆ, ಫ್ಯಾನು, ತಣ್ಣನೆ ನೀರು. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಅದಕ್ಕೆ ಸಹಜ. ಮುಟ್ಟಿ ನೋಡಿ ಅಳೆಯಬೇಡಿ.

ಮದ್ದು ಶುರುವಾದ ಮೇಲೆ ಒಂದು ವಾರಕ್ಕೆ ಪ್ಲೇಟ್‌ಲೆಟ್ ಒಮ್ಮೆ ನೋಡಿಸಿ, ಅಷ್ಟರಲ್ಲಿ ಏರಲು ಶುರುವಾಗಿರಬೇಕು. ಏರದಿದ್ದರೆ ಜೊತೆಗೆ ಬಬೀಸಿಯಾ ಇದೆಯಾ ಎಂದು ಮತ್ತೆ ಹುಡುಕಬೇಕು, ಇಲ್ಲವೇ ಮಜ್ಜೆಯ ತನಕ ಹೋಗಿದೆಯಾ ನೋಡಬೇಕು. 28ನೇ ದಿನಕ್ಕೆ ಇನ್ನೊಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ರಕ್ತ ಪರೀಕ್ಷೆ. ಗುಳಿಗೆ ತಿನ್ನಿಸಿದ ದಿನಗಳನ್ನು ಆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ, ದಿನಾ ಗುರುತು ಹಾಕುವಾಗ ಅದನ್ನು ಎತ್ತಿ ಹಿಂದೆ ಟಾರ್ಚ್ ಬಿಡಿ. ಮೂರನೇ ಸಲ ಔಷಧಿ ಹೊಡೆಸಿದ ಮೇಲೂ ಅಲ್ಲಿ ಏನಾದರೂ ಹರಿದಾಡುತ್ತಿದ್ದರೆ ಮತ್ತೆ ಬರೆಯಿರಿ. ಆಗ ನಾಯಿಗೆ ಇನ್ನೊಂದು ಮದ್ದು ಬೇಡ, ಗಾರೆ ಕೆಲಸದವರನ್ನು ಕರೆಸುವ ಮಾತು ಆಡೋಣ.